ಎದುರಂಗಡಿಯವಳಿಗೆ

ಬಾ ಸೋಖ್ನಾ, ಕುರ್ಚಿಯ ಮೇಲಿನ ಬಟ್ಟೆ ಆಚೆ ಸರಿಸಿ ಕೂತುಕೋ.
ಜೋಪಾನ, ಅದು ಬಜೆನ್,
ಗಂಜಿ ಹಾಕಿ ಕೊರಡಿನಲ್ಲಿ ಬಡಿದು ಹೊಳಪು ತಂದದ್ದು.
ಒಮ್ಮೆ ಮಡಿಕೆ ಬಿದ್ದರೆ
ಗಿರಾಕಿಯ ಗಂಟುಹುಬ್ಬಿನಂತೆ, ಇಳಿಯುವುದೇ ಇಲ್ಲ.

ನಿನ್ನೆ ನೀನು ಬೋರ್ಡು ಹಾಕುವುದನ್ನು ನೋಡಿದೆ.
ಸ್ಟೂಲಿನ ಮೇಲೆ ನೀನೇ, ಮೊಳೆ ಬಾಯಲ್ಲಿ, ಸುತ್ತಿಗೆ ಕೈಯಲ್ಲಿ.
ಬೋರ್ಡು ಎಡಕ್ಕೆ ವಾಲಿದೆ.
ಮೇಲೆ ಹತ್ತಿದವರಿಗೆ ಕಾಣುವ ಓರೆಯಲ್ಲ ಅದು,
ಕೆಳಗೆ ಯಾರಾದರೂ ನಿಂತಿರಬೇಕು.

ನಾನೂ ಹಾಗೇ ಶುರುಮಾಡಿದವಳು.
ಗ್ರಾಂಡ್ ಯೋಫ್‌ನ ಇದೇ ಓಣಿ,
ಒಂದು ಹೊಲಿಗೆ ಯಂತ್ರ, ಒಂದು ಬಲ್ಬು,
ಮತ್ತೆ ಈ ಮೂಗು.
ಸಿಟ್ಟೂ ಅದರ ಮೇಲೇ, ಮಾನವೂ ಅದರ ಮೇಲೇ.
ಮುಂಗಡ ಕೇಳಲಾರೆ, ಸಾಲ ಕೇಳಲಾರೆ,
ಸೂಜಿ ಮುರಿದರೆ ಸೂಜಿಯನ್ನೂ ಕೇಳಲಾರೆ,
ಬಿಸಿಲಲ್ಲಿ ಮಾರುಕಟ್ಟೆಯ ತನಕ ನಡೆದೇನು.
ಎದುರಂಗಡಿ ಅಂದರೆ ಎದುರಾಳಿ, ಅಷ್ಟೇ ಲೆಕ್ಕ.
ನಿನ್ನ ಮಳಿಗೆಯಲ್ಲಿ ಆಗ ಗೋರ್ಗಿ ಸೆಕ್ ಇದ್ದ.
ಅವನ ದೀಪ ನನ್ನದಕ್ಕಿಂತ ತಡವಾಗಿ ಆರಿದರೆ
ನನಗೆ ಆ ರಾತ್ರಿ ನಿದ್ದೆಯಿಲ್ಲ.

ಆ ವರ್ಷ ತಬಸ್ಕಿಗೆ ಅರವತ್ತೆರಡು ಬೂಬೂ ಒಪ್ಪಿಕೊಂಡೆ.
ಆಗುವುದಿಲ್ಲ ಅನ್ನಲು ನಾಲಗೆ ಹೊರಳಲಿಲ್ಲ.
ಅಂದರೆ ರಸ್ತೆ ದಾಟುತ್ತಾರಲ್ಲ!
ಹಬ್ಬಕ್ಕೆ ಎಂಟು ದಿನ.
ಓಣಿಯ ತುಂಬ ಕಟ್ಟಿಹಾಕಿದ ಟಗರುಗಳು,
ಒಳಗೆ ತೋಳಿಲ್ಲದ ಅಂಗಿ, ಅಂಗಿಯಿಲ್ಲದ ತೋಳು.
ಆಗ ಮೋಟಾರು ಸುಟ್ಟಿತು.
ಕೂದಲು ಸುಟ್ಟ ಹಾಗೆ, ಗೊತ್ತಲ್ಲ ಆ ವಾಸನೆ?
ಬಾಗಿಲು ಹಾಕಿಕೊಂಡೆ, ಯಾರಿಗೂ ಹೋಗದಿರಲಿ ಅಂತ.

ಎರಡು ದಿನ ಕೈಯಲ್ಲಿ ಹೊಲಿದೆ. ನಗಬೇಡ.
ಬೆರಳು ಜರಡಿಯಾಯಿತು. ಬೂಬೂ ಒಂದೂವರೆ ಆಯಿತು.
ಮೂರನೆಯ ಬೆಳಿಗ್ಗೆ
ಹಳದಿ ಬಜೆನ್ ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿದೆ.
ಎಣಿಸಿದೆ: ಹದಿನಾಲ್ಕು ಹೆಜ್ಜೆ.
ಏಳು ವರ್ಷ ಹಿಡಿದಿತ್ತು.

ಗೋರ್ಗಿ ತಲೆಯೆತ್ತಲಿಲ್ಲ.
'ತೋಳುಗಳನ್ನು ಇಲ್ಲಿಡು, ಕುತ್ತಿಗೆ ನೀನೇ ಇಟ್ಟುಕೋ,
ನಿನ್ನ ಕಸೂತಿ ನನಗೆ ಬರುವುದಿಲ್ಲ' ಅಂದ.
ನೋಡು, ಅಷ್ಟು ವರ್ಷ ಅವನೂ ಕಣ್ಣಿಟ್ಟಿದ್ದ.
ನನ್ನ ದೀಪದ ಮೇಲಲ್ಲ, ಹೊಲಿಗೆಯ ಮೇಲೆ.

ಆಮೇಲೆ ಒಬ್ಬರ ಬಾಯಿಂದ ಒಬ್ಬರು.
ಯಂತ್ರ ಬಿಚ್ಚುವ ಮಾಪತೆ ರಾತ್ರಿ ಹತ್ತಕ್ಕೆ ಬಂದ,
ದುಡ್ಡು ಹಬ್ಬ ಕಳೆದ ಮೇಲೆ ಅಂದ.
ಗುಂಡಿ ಮಾರುವ ತೆನಿಂಗ್, ಇದ್ದಿಲ ಪೆಟ್ಟಿಗೆಯ ಇಸ್ತ್ರಿಯವಳು,
ಯಾವ ಗಿರಾಕಿ ದುಡ್ಡು ಕೊಡದೆ ಓಡುತ್ತಾಳೆಂದು ಬಲ್ಲ ಮುದುಕಿ ಕೂರಾ.
ಈಗ ಪ್ರತಿ ಸೋಮವಾರ ಒಂಬತ್ತು ಜನ, ಇದೇ ಚಾಪೆ.
ತಲೆಗೆ ಐದು ಸಾವಿರ ಫ್ರಾಂಕ್ ಚೀಟಿ.
ಯಂತ್ರ ಸತ್ತವರಿಗೆ, ಹೆರಿಗೆಯಾದವರಿಗೆ ಸರದಿ ತಪ್ಪಿಸಿ ಕೊಡುತ್ತೇವೆ.

ದೇವತೆಗಳೇನಲ್ಲ ನಾವು.
ಒಮ್ಮೆ ಲಂಸಾನಾ ಗಂಟು ಹೊತ್ತುಕೊಂಡು ಬಂಜುಲ್‌ಗೆ ಓಡಿದ.
ನನ್ನ ಒಳ್ಳೆಯ ಕತ್ತರಿ ಗೋರ್ಗಿ ವಾಪಸು ಕೊಡಲೇ ಇಲ್ಲ.
ದರ ಇಳಿಸಿದ್ದಕ್ಕೆ ತೆನಿಂಗ್‌ಳ ತಂಗಿಯ ಹತ್ತಿರ
ನಾಲ್ಕು ತಿಂಗಳು ಮಾತು ಬಿಟ್ಟಿದ್ದೆ,
ಆದರೂ ಸೋಮವಾರ ಪಕ್ಕದಲ್ಲೇ ಕೂತಿರುತ್ತಿದ್ದೆವು,
ನಡುವೆ ಸಕ್ಕರೆ ಡಬ್ಬ ಇಟ್ಟುಕೊಂಡು.

ಕಣ್ಣು ಮಂಜಾಗಿ ಗೋರ್ಗಿ ಲೂಗಾಕ್ಕೆ ಹೋದ.
ಈಗಲೂ ಫೋನು ಮಾಡುತ್ತಾನೆ,
ಹೊಲಿಯದವನಿಗೆ ಯಾಕೋ, ದಾರದ ಬೆಲೆ ಕೇಳುತ್ತಾನೆ.
ನಾನೂ ಹೇಳುತ್ತೇನೆ, ಬಣ್ಣ ಬಣ್ಣಕ್ಕೂ ಬೇರೆ ಬೇರೆ.

ಚಹಾ ಉಕ್ಕಿತು, ತಡಿ.
ಮೊದಲ ಲೋಟ ಕಹಿ, ಕುಡಿ.
ಬೋರ್ಡು ನಾಳೆ ನೋಡೋಣ.
ಈಗ ಒಂದು ಮಾತು,
ಹದಿನಾರನೇ ನಂಬರಿನ ಸೂಜಿ ಇದೆಯಾ ನಿನ್ನ ಹತ್ತಿರ?
ನನ್ನದು ಬೆಳಿಗ್ಗೆ ಮುರಿಯಿತು.